ಚಿಪ್ಪಿಗೆ ಬೇಕಾದ ಬಿಸಿಲು

ಬಳ್ಳಾರಿ ಜಿಲ್ಲೆಯ ದೇಶನೂರಿಗೆ ತನ್ನದೇ ಹೆಸರಿನ ಕಾಲುವೆಯೊಂದಿದೆ. ತುಂಗಭದ್ರೆಯಿಂದ ವಿಜಯನಗರದ ಕಾಲದಲ್ಲಿ ತೆಗೆದ ಕಾಲುವೆಗಳಲ್ಲಿ ಅದೂ ಒಂದು. ಗದ್ದೆಗೆ ನೀರು ಕಟ್ಟಲು ಹೋದವರಿಗೆ ಆಮೆ ಕಾಣುವುದು ಇಲ್ಲಿ ದೊಡ್ಡ ಸುದ್ದಿಯೇನಲ್ಲ. ಕತ್ತು ಚಾಚಿ, ಕಾಲು ಅಗಲಿಸಿ ದಂಡೆಯ ಮೇಲೆ ಬಿಸಿಲಿಗೆ ಬಿದ್ದಿರುತ್ತದೆ. ಹೆಜ್ಜೆಯ ಸಪ್ಪಳ ಕೇಳಿದರೆ ಬುಳಕ್ಕನೆ ನೀರಿಗಿಳಿಯುತ್ತದೆ. ನೋಡಿದವರು ಅದನ್ನು ಸೋಮಾರಿ ಎನ್ನುತ್ತಾರೆ. ಅದು ಸೋಮಾರಿತನವಲ್ಲ, ಚಿಪ್ಪಿನ ಆರೈಕೆ.

ನನ್ನ ತಂಗಿಯೂ ಮನೆಯಲ್ಲೊಂದು ಆಮೆ ಸಾಕಿದ್ದಾಳೆ. ಅದು ಕಾಲುವೆಯ ಆಮೆಯಲ್ಲ. ಬಳ್ಳಾರಿಯ ಅಂಗಡಿಯಿಂದ ತಂದದ್ದು, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಕಡೆಯ ಪ್ರಾಣಿ. ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆಂದು ಯಾರೋ ಹೇಳಿದ್ದರಂತೆ. ಪಡಸಾಲೆಯ ಮೂಲೆಯಲ್ಲಿ ಗಾಜಿನ ತೊಟ್ಟಿ, ತಳಕ್ಕೆ ಬಣ್ಣದ ಹರಳು, ಮೇಲೆ ಒಂದು ಟ್ಯೂಬ್‌ಲೈಟು. ‘ಮಾವ, ಇದರ ಚಿಪ್ಪು ಯಾಕ ಮೆತ್ತಗಾಗೈತಿ?’ ಎಂದು ತಂಗಿಯ ಮಗಳು ಕೇಳಿದಾಗ ನಾನು ಮೊದಲು ನೋಡಿದ್ದು ಆಮೆಯನ್ನಲ್ಲ, ಆ ಮೂಲೆಯನ್ನು.

ಚಿಪ್ಪನ್ನು ನಾವು ಆಮೆ ಹೊತ್ತು ತಿರುಗುವ ಸಾಮಾನೆಂದುಕೊಂಡಿದ್ದೇವೆ. ಅದು ಆಮೆಯ ಮೈಯೇ. ಬೆನ್ನುಮೂಳೆ, ಪಕ್ಕೆಲುಬುಗಳು ಬೆಸೆದುಕೊಂಡು ಆದ ಎಲುಬು ಅದು. ಅದರ ಮೇಲೆ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್ನಿನ ತೆಳು ಹಲ್ಲೆಗಳು. ರಕ್ತ ಹರಿಯುತ್ತದೆ, ನರಗಳಿವೆ, ಮುಟ್ಟಿದರೆ ಗೊತ್ತಾಗುತ್ತದೆ, ಕೆರೆದರೆ ನೋಯುತ್ತದೆ. ಚಿಪ್ಪಿಗೆ ಬಣ್ಣ ಬಳಿಯುವುದು, ಹೊಳಪು ಬರಲೆಂದು ಎಣ್ಣೆ ಸವರುವುದು, ದಾರ ಕಟ್ಟಲು ತೂತು ಕೊರೆಯುವುದು ಇವೆಲ್ಲ ಜೀವಂತ ಎಲುಬಿಗೆ ಮಾಡುವ ಹಿಂಸೆ.

ಎಲುಬಾದ್ದರಿಂದ ಅದಕ್ಕೆ ಸುಣ್ಣದ ಅಂಶ ಬೇಕು. ತಿಂದ ಸುಣ್ಣ ಮೈಗೆ ಹತ್ತಲು ಡಿ3 ವಿಟಮಿನ್ ಬೇಕು. ಆ ವಿಟಮಿನ್ ಹುಟ್ಟುವುದು ಬಿಸಿಲಿನ ಯುವಿ-ಬಿ ಕಿರಣ ಮೈಮೇಲೆ ಬಿದ್ದಾಗ. ಕಿಟಕಿಯ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಟ್ಯೂಬ್‌ಲೈಟಿನಲ್ಲಂತೂ ಅದು ಇಲ್ಲವೆಂದೇ ಹೇಳಬೇಕು. ಬಿಸಿಲು ಕಡಿಮೆಯಿರುವ ದೇಶಗಳಲ್ಲಿ ಆಮೆಗೆಂದೇ ವಿಶೇಷ ದೀಪ ಕೊಂಡು ತಂದು, ಆರು ತಿಂಗಳಿಗೋ ವರ್ಷಕ್ಕೋ ಬದಲಾಯಿಸುತ್ತಾರೆ. ಬಳ್ಳಾರಿ ಜಿಲ್ಲೆಯಲ್ಲಿ ಕೂತು ಆಮೆಗೆ ಬಿಸಿಲಿನ ಕೊರತೆ ಮಾಡುವುದೆಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗೆಂದು ತೊಟ್ಟಿಯನ್ನೇ ಎತ್ತಿ ಅಂಗಳದಲ್ಲಿಟ್ಟರೆ ನಮ್ಮ ಏಪ್ರಿಲ್ಲಿನಲ್ಲಿ ಗಾಜಿನೊಳಗಿನ ನೀರು ಕಾದು ಆಮೆ ಬೆಂದೇ ಹೋಗುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ಬು ಸಾಕು. ಅರ್ಧಕ್ಕೆ ನೆರಳು, ಅರ್ಧಕ್ಕೆ ಬೆಳಗಿನ ಎಂಟು ಒಂಬತ್ತರ ಬಿಸಿಲು. ಕಾಗೆ, ನಾಯಿ ಮುಟ್ಟದಂತೆ ಮೇಲೆ ತಂತಿಜಾಲರಿ. ನಡುವೆ ಶಾಬಾದ್ ಕಲ್ಲಿನ ತುಂಡೊಂದನ್ನು ನೀರಿನಿಂದ ಮೇಲಕ್ಕೆ ಬರುವಂತೆ ಇಟ್ಟೆವು. ಹತ್ತಿ ಕೂತು ಪೂರ್ತಿ ಒಣಗುವ ಜಾಗ ಆಮೆಗೆ ಇರಲೇಬೇಕು. ಸದಾ ತೊಯ್ದಿರುವ ಚಿಪ್ಪಿಗೆ ಬ್ಯಾಕ್ಟೀರಿಯಾ, ಬೂಷ್ಟು ಹತ್ತುತ್ತವೆ.

ಹಸಿರು ಪಾಚಿ ಕಟ್ಟಿದರೆ ಗಾಬರಿ ಬೇಡ, ಮೆದು ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ. ಬೆಳೆಯುವ ಆಮೆ ಹಳೆಯ ಹಲ್ಲೆ ಬಿಡುವುದೂ ಸಹಜ. ಉದುರಿದ್ದು ತೆಳ್ಳಗೆ, ಅಭ್ರಕದಂತೆ ಪಾರದರ್ಶಕವಾಗಿರುತ್ತದೆ. ಅರ್ಧ ಎದ್ದದ್ದನ್ನು ಉಗುರಿನಿಂದ ಕೀಳಬಾರದು. ಆದರೆ ಗುಳಿ ಬಿದ್ದು ಒತ್ತಿದರೆ ಮೆತ್ತಗಾಗುತ್ತಿದ್ದರೆ, ಕೆಂಪಾಗಿದ್ದರೆ, ಕೊಳೆತ ವಾಸನೆ ಬರುತ್ತಿದ್ದರೆ ಅದು ಚಿಪ್ಪು ಕೊಳೆಯುವ ರೋಗ. ಅದಕ್ಕೆ ಮನೆಮದ್ದು ಹುಡುಕುತ್ತ ಕೂರದೆ ಪಶುವೈದ್ಯರಿಗೆ ತೋರಿಸಬೇಕು. ಎಮ್ಮೆ, ಎತ್ತುಗಳ ಆಸ್ಪತ್ರೆಗೆ ಆಮೆ ಒಯ್ಯಲು ತಂಗಿ ನಾಚಿದಳು. ನಾಚಿಕೆ ಏಕೆ? ಅದೂ ನೋವು ತಿನ್ನುವ ಪ್ರಾಣಿಯೇ.

ನೀರಿನ ವಿಷಯದಲ್ಲಿ ನನ್ನದು ಹಟ. ಕಾಲುವೆಯ ನೀರು ಬೇಡವೇ ಬೇಡ. ಭತ್ತಕ್ಕೆ ಹೊಡೆದ ಔಷಧ ಬಸಿದು ಅದರಲ್ಲಿ ಸೇರಿರುತ್ತದೆ. ನಲ್ಲಿಯ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಚಿಪ್ಪಿನ ಒಂದೊಂದು ಅಂಗುಲ ಉದ್ದಕ್ಕೆ ಸುಮಾರು 40 ಲೀಟರ್ ನೀರಿರಲಿ ಎನ್ನುತ್ತಾರೆ ಸಾಕಿ ಬಲ್ಲವರು. ಡಬ್ಬಿಯ ಒಣಸೀಗಡಿಯೊಂದನ್ನೇ ಹಾಕುತ್ತಿದ್ದುದನ್ನು ನಿಲ್ಲಿಸಿ, ಮುಳ್ಳಿನ ಸಮೇತ ಸಣ್ಣ ಮೀನು, ಎರೆಹುಳ, ಆಮೆಯ ಕಾಳು ಕೊಡಿಸಿದೆ. ಹಕ್ಕಿಯ ಪಂಜರಕ್ಕೆ ಸಿಕ್ಕಿಸುವ ಸಮುದ್ರನೊರೆಯ ತುಂಡನ್ನೂ ನೀರಿಗೆ ಬಿಟ್ಟರೆ ತಾನೇ ಕಚ್ಚಿ ಸುಣ್ಣ ತಿನ್ನುತ್ತದೆ. ಪಾಲಕ್ ಬೇಡ, ಅದರ ಆಕ್ಸಲೇಟ್ ಸುಣ್ಣವನ್ನು ಮೈಗೆ ಹತ್ತಗೊಡುವುದಿಲ್ಲ.

‘ದೊಡ್ಡದಾದ್ರ ಕಾಲುವಿಗೆ ಬಿಟ್ಟರಾತು ಬಿಡಣ್ಣ’ ಎಂದಳು ತಂಗಿ. ಇದೊಂದಕ್ಕೆ ನಾನು ಒಪ್ಪಲಿಲ್ಲ. ಕಾಸಿನಗಲ ಇರುವಾಗ ಕೊಂಡ ಸ್ಲೈಡರ್ ಒಂದಡಿಯ ಹತ್ತಿರಕ್ಕೆ ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಆಮೆಗಳ ಅನ್ನ, ಬಿಸಿಲಿನ ಕಲ್ಲು ಎರಡನ್ನೂ ಅದು ಕಸಿಯುತ್ತದೆ, ರೋಗವನ್ನೂ ಹೊತ್ತು ತರಬಲ್ಲದು. ದಕ್ಷಿಣದ ನದಿಗಳ ಮೃದುಚಿಪ್ಪಿನ ಲೀತ್ ಆಮೆ ಈಗಾಗಲೇ ಅಳಿವಿನ ಅಂಚಿಗೆ ಬಂದಿದೆ. ಇನ್ನು ಗದ್ದೆಯಲ್ಲಿ ಸಿಗುವ ಆಮೆಯನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹೊರಗಿನದನ್ನು ಒಳಗೆ ತರಬಾರದು, ಒಳಗಿನದನ್ನು ಹೊರಗೆ ಬಿಡಬಾರದು.

ಹಾಗಾಗಿ ತಂಗಿ ಹಿತ್ತಲಲ್ಲಿ ಒಂದು ಸಿಮೆಂಟು ತೊಟ್ಟಿ ಕಟ್ಟಿಸಿದ್ದಾಳೆ. ಒಂದು ಬದಿಯನ್ನು ಇಳಿಜಾರಾಗಿ ಬಿಡಲು ಗೌಂಡಿಗೆ ಹೇಳಿದ್ದು ನಾನು. ಹೊಸ ಸಿಮೆಂಟಿನ ಖಾರ ಹೋಗುವ ತನಕ ಅದಕ್ಕೆ ನೀರು ತುಂಬಿ ಚೆಲ್ಲುವ ಕೆಲಸ ಸದ್ಯಕ್ಕೆ ಸೊಸೆಯದು.