ರಸ್ತೆಗೆ ಇಟ್ಟ ಹೆಸರು

2019ರ ಬೇಸಿಗೆಯಲ್ಲಿ ಬಾಪ ಕಣ್ಣು ತೋರಿಸಲೆಂದು ಉಪ್ಪಳದಿಂದ ಬೆಂಗಳೂರಿಗೆ ಬಂದು ನಾಲ್ಕು ದಿನ ನನ್ನ ರೂಮಿನಲ್ಲಿದ್ದರು. ನಮ್ಮೂರಲ್ಲಿ ಕನ್ನಡ ಬೋರ್ಡುಗಳು ಕಡಿಮೆಯಾಗುತ್ತಾ ಬಂದದ್ದಕ್ಕೋ ಏನೋ, ಇಲ್ಲಿ ಕಂಡ ಬೋರ್ಡನ್ನೆಲ್ಲ ಜೋರಾಗಿ ಓದುತ್ತಿದ್ದರು. ಹಾಗೆ ಓದುತ್ತಾ ಒಂದು ಸಂಜೆ ಕೇಳಿದರು: “ಈ ಸುರಂಜನ್ ದಾಸ್ ಯಾರು ಮೋನೇ?”

ನಾಲ್ಕು ವರ್ಷದಿಂದ ಆ ರಸ್ತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ನನಗೆ ಗೊತ್ತಿರಲಿಲ್ಲ. ಯಾರೋ ರಾಜಕಾರಣಿ ಇರಬೇಕು ಅಂದೆ.

ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ವಾಯುಪಡೆಯ ಪರೀಕ್ಷಾ ಪೈಲಟ್. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ‘ಮಾರುತ್’ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು. ವಿಮಾನದ ವಿನ್ಯಾಸ ಚೆನ್ನಾಗಿತ್ತು, ಆದರೆ ಸಿಕ್ಕಿದ ಇಂಜಿನ್‌ಗಳಿಗೆ ಬೇಕಾದಷ್ಟು ಶಕ್ತಿ ಇರಲಿಲ್ಲ. ಆ ಕೊರತೆ ನೀಗಿಸಲು ಇಂಜಿನ್‌ಗೆ ಆಫ್ಟರ್‌ಬರ್ನರ್ ಜೋಡಿಸಿದ ಮಾದರಿಯೊಂದನ್ನು ಮಾಡಿದರು. 1970ರ ಜನವರಿ 10ರಂದು ಅದನ್ನು ಪರೀಕ್ಷಿಸಲು ಮೇಲೇರಿದ ದಾಸ್ ಬದುಕಿ ಬರಲಿಲ್ಲ. ಎರಡು ವರ್ಷವೂ ಆಗುವ ಮೊದಲು, 1971ರ ಡಿಸೆಂಬರ್‌ನ ಯುದ್ಧದಲ್ಲಿ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಅದನ್ನು ನೋಡಲು ಅವರಿರಲಿಲ್ಲ.

ಓದಿ ಹೇಳಿದೆ. ಬಾಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಯುದ್ಧದಲ್ಲಿ ಅಲ್ಲ” ಅಂದರು.

ಅಲ್ಲ. ಆ ಮಾತು ನನ್ನನ್ನು ಆ ವರ್ಷದ ಫೆಬ್ರವರಿ 1ಕ್ಕೆ ಒಯ್ದಿತು. ಶುಕ್ರವಾರ, ಬೆಳಗ್ಗೆ ಹತ್ತೂವರೆಯ ಹೊತ್ತು. ಅದೇ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್ 2000 ಬಿದ್ದು ಸ್ಕ್ವಾಡ್ರನ್ ಲೀಡರ್ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ತೀರಿಕೊಂಡರು. ನವೀಕರಿಸಿದ ವಿಮಾನವನ್ನು ವಾಯುಪಡೆ ಒಪ್ಪಿಕೊಳ್ಳುವ ಮೊದಲು ಹಾರಿಸಿ ನೋಡುವುದು ಅವರ ಕೆಲಸ. ಇಬ್ಬರೂ ಹೊರಚಿಮ್ಮಿದರು, ಆದರೂ ಉಳಿಯಲಿಲ್ಲ. ಅದೇ ತಿಂಗಳ 19ರಂದು ಯಲಹಂಕದಲ್ಲಿ, ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಹೋದರು. ಎದುರಲ್ಲಿ ಶತ್ರುವೇ ಇರಲಿಲ್ಲ.

ಅಲ್ಲಿಯವರೆಗೆ ಬಾಪನಿಗೆ ಹೇಳದಿದ್ದ ಒಂದು ವಿಷಯ ಆ ರಾತ್ರಿ ಹೇಳಿದೆ. ನಾನಿದ್ದದ್ದು ವಿಮಾನದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ. ಆ ಶುಕ್ರವಾರಕ್ಕೆ ಮೂರು ದಿನ ಮೊದಲು ನಲವತ್ತು ಬುಷ್‌ಗಳನ್ನು ಅಳೆದು ಸಹಿ ಹಾಕಿದ್ದೆ. ಒಳವ್ಯಾಸ 12 ಮಿಲಿಮೀಟರ್, ಹೆಚ್ಚೆಂದರೆ 12.018 ಇರಬಹುದು. ಶಿಫ್ಟ್ ಮುಗಿಯುವ ಅವಸರ. ಒಂದು 12.03 ತೋರಿಸಿತು. ಕೂದಲಿಗಿಂತ ಕಡಿಮೆ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡು ಅದನ್ನೂ ಪೆಟ್ಟಿಗೆಗೆ ಹಾಕಿದ್ದೆ.

ನನ್ನ ಬುಷ್‌ಗೂ ಆ ಮಿರಾಜ್‌ಗೂ ಸಂಬಂಧವೇ ಇರಲಿಲ್ಲ. ಪೆಟ್ಟಿಗೆ ಇನ್ನೂ ನಮ್ಮ ಸ್ಟೋರಿನಲ್ಲೇ ಇತ್ತು. ಆದರೂ ಆ ದಿನ ಟಿವಿಯಲ್ಲಿ ಹೊಗೆ ನೋಡಿದ ಮೇಲೆ ಊಟ ಸೇರಲಿಲ್ಲ. ಮರುದಿನ ಸೂಪರ್‌ವೈಸರ್ ಹತ್ತಿರ ಹೋಗಿ ಒಪ್ಪಿಕೊಂಡೆ. ನಲವತ್ತನ್ನೂ ಮತ್ತೆ ಅಳೆದರು. ಕೆಟ್ಟದ್ದು ಒಂದಲ್ಲ, ಮೂರು. ಎಲ್ಲರೆದುರು ಬೈಸಿಕೊಂಡೆ, ಆ ತಿಂಗಳ ಇನ್ಸೆಂಟಿವ್ ಹೋಯಿತು.

ಬಾಪ ಬೈಯಲಿಲ್ಲ. ತೂಕದ ಕಲ್ಲಿನ ಕಥೆ ಹೇಳಿದರು. ಕಾಲಕಾಲಕ್ಕೆ ಸೀಲು ಹಾಕಿಸುವ ಕಲ್ಲು. ಒಂದು ಸಲ ಎರಡು ಕಿಲೋದ್ದು ಸವೆದಿದೆ ಎಂದು ಗೊತ್ತಾದ ಮೇಲೂ ಹೊಸದು ತರುವವರೆಗೆ ಒಂದು ವಾರ ಅದರಲ್ಲೇ ಅಕ್ಕಿ ತೂಗಿದ್ದರಂತೆ. “ಯಾರಿಗೂ ಗೊತ್ತಾಗಲಿಲ್ಲ. ನನಗೆ ಇವತ್ತಿಗೂ ಗೊತ್ತು” ಅಂದರು. ಆಮೇಲೆ ಮೆಲ್ಲಗೆ, “ನನ್ನ ಕಲ್ಲಿನಿಂದ ಯಾರೂ ಸಾಯುತ್ತಿರಲಿಲ್ಲ, ನಿನ್ನದು ಹಾಗಲ್ಲ.”

ನಮ್ಮ ಕಡೆಯವರಿಗೆ ವಿಮಾನವೆಂದರೆ ಗಲ್ಫ್. ದುರಂತವೆಂದರೆ 2010ರ ಮೇ 22, ಬಜ್ಪೆ. ಆ 158 ಜನರಲ್ಲಿ ನಮ್ಮವರು ಎಷ್ಟೋ ಮಂದಿ. ಆ ದಿನ ಬಂದರೆ ಉಮ್ಮ ಈಗಲೂ ಮಂಕಾಗುತ್ತಾರೆ. ಆದರೆ ತಾಲೀಮಿನಲ್ಲಿ, ಪರೀಕ್ಷೆಯಲ್ಲಿ ಸತ್ತ ಪೈಲಟ್‌ಗಳಿಗೆ ವಿಜಯದ ದಿನವಿಲ್ಲ. ಎರಡು ದಿನ ಪೇಪರಿನಲ್ಲಿ ಫೋಟೊ, ಆಮೇಲೆ ಅವರ ಮನೆಯವರು ಮಾತ್ರ. ಅಬ್ರೋಲ್ ಅವರ ಪತ್ನಿ ಗರಿಮಾ ಮುಂದೆ ತಾವೇ ವಾಯುಪಡೆ ಸೇರಿದರು. ಅಷ್ಟು ಧೈರ್ಯ ಎಲ್ಲರಿಂದ ಸಾಧ್ಯವಿಲ್ಲ. ನಮ್ಮಂಥವರಿಂದ ಸಾಧ್ಯವಿರುವುದು, ಅಳೆದದ್ದನ್ನು ಅಳೆದ ಹಾಗೆ ಬರೆಯುವುದು.

ಊರಿಗೆ ಹೊರಡುವ ದಿನ ಬಾಪನನ್ನು ಎಚ್‌ಎಎಲ್ ಮ್ಯೂಸಿಯಂಗೆ ಕರೆದೊಯ್ದೆ. ಅಲ್ಲಿ ಮಾರುತ್ ನಿಂತಿದೆ. ಬಾಪ ಸುತ್ತು ಹಾಕಿ, ರಿವೆಟ್‌ಗಳ ಸಾಲು ನೋಡಿ, “ಎಷ್ಟು ಜನರ ಕೈ ಇದೆ ಇದರಲ್ಲಿ!” ಅಂದರು.

ಈಗ ನಾನೇ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗರನ್ನು ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತೇನೆ: ಸುರಂಜನ್ ದಾಸ್ ಯಾರು? ಇದುವರೆಗೆ ಒಬ್ಬನೂ ಹೇಳಿಲ್ಲ. ಕುಳ್ಳಿರಿಸಿ ಹೇಳುತ್ತೇನೆ. ಆಮೇಲೆ ಕೈಗೆ ಮೈಕ್ರೋಮೀಟರ್ ಕೊಡುತ್ತೇನೆ.