ಕವಳದ ತಟ್ಟೆಯ ಸುತ್ತ

ಊಟವಾಗಿ ಕೈ ತೊಳೆದು ಜಗಲಿಗೆ ಬಂದರೆ ಶಿರಸಿ, ಸಾಗರದ ಕಡೆಯ ಮನೆಗಳಲ್ಲಿ ಮೊದಲು ಮುಂದೆ ಬರುವುದು ಕವಳದ ತಟ್ಟೆ. ಬಯಲುಸೀಮೆಯವರು ಎಲೆ-ಅಡಿಕೆ ಅಂದುಕೊಳ್ಳಿ. ನಮ್ಮ ದೊಡ್ಡಜ್ಜಿ ಕವಳ ಹಾಕುವುದನ್ನು ನೀವು ನೋಡಬೇಕಿತ್ತು. ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ, ಬೆನ್ನಿನ ನಾರನ್ನು ಉಗುರಿನಲ್ಲಿ ಎಳೆದು ತೆಗೆದು, ಆಮೇಲೆ ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ಸುಣ್ಣ ಸವರುವಳು. ಹೆಚ್ಚಾದರೆ ಬಾಯಿ ಸುಡುತ್ತದೆ, ಕಡಿಮೆಯಾದರೆ ಕವಳ ಹಿಡಿಯುವುದಿಲ್ಲ. ಆ ಅಳತೆ ಅವಳ ಬೆರಳಿಗೇ ಗೊತ್ತಿತ್ತು.

ಸುಣ್ಣ ಏಕೆ ಬೇಕು ಅಂತ ಎಂದಾದರೂ ಯೋಚಿಸಿದ್ದೀರಾ? ಅಡಿಕೆಯಲ್ಲಿ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಇದೆ. ಸುಣ್ಣದ ಕ್ಷಾರ ಸೇರಿದರೆ ಅದು ಕೆನ್ನೆಯ ಒಳಚರ್ಮದಿಂದ ಸಲೀಸಾಗಿ ರಕ್ತಕ್ಕಿಳಿಯುತ್ತದೆ. ನಮ್ಮ ನರಗಳು ತಾವೇ ಬಳಸುವ ಅಸಿಟೈಲ್‌ಕೋಲಿನ್‌ನ ವೇಷ ಹಾಕಿಕೊಂಡು ಜೊಲ್ಲು ಸುರಿಸುತ್ತದೆ, ಕಿವಿ ಬಿಸಿಮಾಡುತ್ತದೆ, ಹೊಸಬರ ಹಣೆಯಲ್ಲಿ ಬೆವರೊಡೆಸುತ್ತದೆ. ಅಡಿಕೆ ಸೊಕ್ಕಿತು ಅನ್ನುತ್ತೇವಲ್ಲ, ಅದು. ಅದೇ ಸುಣ್ಣ ಅರೆಕೋಲಿನ್‌ನ ಒಂದು ಪಾಲನ್ನು ಅರೆಕೈಡಿನ್ ಆಗಿ ಬದಲಿಸುತ್ತದೆ. ಮಿದುಳನ್ನು ಸಮಾಧಾನದಲ್ಲಿಡುವ ಗಾಬಾ ಎಂಬ ರಾಸಾಯನಿಕ ಬೇಗ ಖಾಲಿಯಾಗದಂತೆ ಇದು ತಡೆಯುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಕವಳ ಹಾಕಿದವರಿಗೆ ಎಚ್ಚರವೂ ನೆಮ್ಮದಿಯೂ ಒಟ್ಟಿಗೇ ಬರುತ್ತವೆ ಅನ್ನುವುದಕ್ಕೆ ಇಲ್ಲೇ ಎಲ್ಲೋ ಕಾರಣವಿರಬೇಕು.

ಇಷ್ಟು ಹೇಳಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ಹೊಗೆಸೊಪ್ಪು ಸೇರದ ಬರಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆ ಮಾರಿದ ದುಡ್ಡಿನಲ್ಲೇ ಓದಿ ಮುಂದೆ ಬಂದವರು ನಮ್ಮಲ್ಲಿ ಎಷ್ಟು ಮಂದಿ! ಅವರೆದುರು ಈ ಮಾತು ಎತ್ತುವುದು ಕಷ್ಟ. ಆದರೆ ಅಡಿಕೆ ಜಗಿದು ಜಗಿದು ಎರಡು ಬೆರಳಿನಷ್ಟೂ ಬಾಯಿ ತೆರೆಯಲಾಗದೆ ಗಂಜಿ ಹೀರುವವರನ್ನು ಕಂಡ ಮೇಲೆ ಎತ್ತದಿರುವುದು ಇನ್ನೂ ಕಷ್ಟ.

ಹಾಗಾದರೆ ಬಿಟ್ಟುಬಿಡಲಿ, ಮನಸ್ಸು ಮಾಡಿದರೆ ಆಗದ್ದೇನು ಅನ್ನುತ್ತೀರಿ. ಇಲ್ಲಿ ಮಿದುಳು ವಿಜ್ಞಾನಿ ವುಲ್ಫ್ರಾಮ್ ಷುಲ್ಟ್ಸ್ ಅವರ ಕೋತಿಗಳ ಕಥೆ ಹೇಳಲೇಬೇಕು. 1990ರ ದಶಕದಲ್ಲಿ ಅವರು ಕೋತಿಗಳಿಗೆ ಹಣ್ಣಿನ ರಸ ಕೊಡುತ್ತ ಮಿದುಳಿನ ಡೋಪಮಿನ್ ಕೋಶಗಳ ಮಿಡಿತ ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ಸೂಚನೆಯೊಂದು ಬರುವುದು ರೂಢಿಯಾದ ಮೇಲೆ ಮಿಡಿತ ಸೂಚನೆಗೇ ಹೋಯಿತು, ರಸಕ್ಕೆ ಏನೂ ಇಲ್ಲ. ಸೂಚನೆ ಬಂದು ರಸ ಬಾರದಿದ್ದರೆ? ಮಾಮೂಲಿ ಮಿಡಿತವೂ ಕುಸಿಯಿತು. ಈಗ ಕವಳದ ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ನೆನಪಿಸಿಕೊಳ್ಳಿ. ಬಿಡಬೇಕೆಂದು ಹೊರಟವರನ್ನು ಕಾಡುವುದು ಅಡಿಕೆಯ ರುಚಿಗಿಂತ ಹೆಚ್ಚಾಗಿ ಆ ಸದ್ದು, ಊಟ ಮುಗಿದ ಆ ಹೊತ್ತು, ಪಕ್ಕದಲ್ಲಿ ಕೂತ ಗೆಳೆಯ. ಅಂಥವರನ್ನು ಕೈಲಾಗದವರು ಅಂತ ಜರಿಯುವುದು ಅನ್ಯಾಯ, ದೊಡ್ಡ ಅನ್ಯಾಯ.

ಚಟದ ಮಾತು ಬಂತು ಅಂತ ಹೇಳುತ್ತೇನೆ, ಭಂಗಿ ಸೊಪ್ಪಿನದ್ದೂ ಒಂದು ಕಥೆ ಇದೆ. ಅದರ ಮತ್ತಿನ ಸತ್ವವನ್ನು 1964ರಲ್ಲಿ ಬೇರ್ಪಡಿಸಿ ತೋರಿಸಿದವರು ಇಸ್ರೇಲಿನ ರಫಾಯೆಲ್ ಮೆಶೂಲಮ್ ಮತ್ತು ಅವರ ಸಂಗಡಿಗರು. ಹೊರಗಿನ ಸೊಪ್ಪಿನ ಸತ್ವ ಕೂರಲು ಮಿದುಳಿನಲ್ಲಿ ಜಾಗವಿದೆ ಅಂದರೆ, ಆ ಜಾಗಕ್ಕೆ ಒಳಗಿನದೇ ಒಂದು ವಸ್ತು ಇರಬೇಕಲ್ಲ? 1992ರಲ್ಲಿ ಅವರ ಪ್ರಯೋಗಶಾಲೆಯಲ್ಲೇ ಅದು ಸಿಕ್ಕಿತು. ಸಂಸ್ಕೃತದ ಆನಂದವನ್ನು ನೆನೆದು ಅದಕ್ಕೆ ಆನಂದಮೈಡ್ ಅಂತ ಹೆಸರಿಟ್ಟರು. ಇದನ್ನು ಕೇಳಿದವರು, ನೋಡಿ, ತೈತ್ತಿರೀಯ ಉಪನಿಷತ್ತಿನ ಆನಂದಮಯ ಇದೇ ಅಂತ ಹೊರಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕಿಣ್ವ ಬಂದು ಕತ್ತರಿಸಿದರೆ ಬೇಗನೆ ಇಲ್ಲವಾಗುವ ಕೊಬ್ಬಿನ ತುಣುಕನ್ನು ಋಷಿಗಳು ಹುಡುಕುತ್ತಿರಲಿಲ್ಲ. ಎರಡನ್ನೂ ಒಂದೇ ಅಂದರೆ ಎರಡಕ್ಕೂ ಅವಮಾನ.

ಹಾಗಂತ ಹಳೆಯ ವಿದ್ಯೆಗಳನ್ನು ವಿಜ್ಞಾನದ ಪಕ್ಕ ಇಟ್ಟು ನೋಡಿದರೆ ಏನೂ ಸಿಗುವುದಿಲ್ಲ ಅನ್ನಬೇಡಿ. 1972ರ ಹಾಂಗ್‌ಕಾಂಗ್‌ನಲ್ಲಿ ಮಿದುಳು ಶಸ್ತ್ರವೈದ್ಯ ಎಚ್. ಎಲ್. ವೆನ್ ನೋವು ಮರೆಸಲೆಂದು ರೋಗಿಯೊಬ್ಬನಿಗೆ ಸೂಜಿ ಚುಚ್ಚಿ ಸಣ್ಣ ವಿದ್ಯುತ್ ಹರಿಸಿದರು. ಆತ ಅಫೀಮಿಗೆ ಬಿದ್ದವನು. ಅಫೀಮಿಲ್ಲದೆ ಹುಟ್ಟಿದ್ದ ಸಂಕಟ ಇಳಿಯಿತು ಅಂದ! ಮೈಯಲ್ಲಿ ‘ಚಿ’ ಎಂಬ ಶಕ್ತಿ ಹರಿಯುವ ದಾರಿಗಳಿವೆ, ಸೂಜಿ ಅದರ ತಡೆ ಬಿಡಿಸುತ್ತದೆ ಅನ್ನುವುದು ಚೀನೀಯರ ಹಳೆಯ ವಿವರಣೆ. ಶವ ಕೊಯ್ದವರಿಗೆ ಆ ದಾರಿಗಳು ಸಿಕ್ಕಿಲ್ಲ. ಆದರೆ ಸೂಜಿಯ ವಿದ್ಯುತ್ತಿಗೆ ಮಿದುಳು ತನ್ನದೇ ಅಫೀಮಿನಂಥ ಎಂಡಾರ್ಫಿನ್‌ಗಳನ್ನು ಬಿಡುತ್ತದೆ ಅಂತ ಬೀಜಿಂಗ್‌ನ ಹಾನ್ ಜಿಶೆಂಗ್ ವರ್ಷಗಟ್ಟಲೆ ದುಡಿದು ತೋರಿಸಿದರು. ಮುಂದೆ ಕೊಕೇನ್ ಚಟಕ್ಕೆ ಕಿವಿಯ ಸೂಜಿಯನ್ನು ದೊಡ್ಡದಾಗಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ಅದೂ ನಿಜ.

ನನಗೆ ಪೂರ್ತಿ ನಂಬಿಕೆ ಇರುವುದು ಉಸಿರಿನ ಮೇಲೆ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವೇಗಸ್ ನರದ ಕೆಲಸ ಅದು. ಹಠಯೋಗ ಪ್ರದೀಪಿಕೆ ಬರೆದ ಸ್ವಾತ್ಮಾರಾಮ ವೇಗಸ್ ನರವನ್ನು ಕಾಣದಿದ್ದರೂ ಗಾಳಿ ಅಲುಗಿದರೆ ಮನಸ್ಸು ಅಲುಗುವುದನ್ನು ಕಂಡಿದ್ದ. ಚಟದ ಸೆಳೆತ ಏರಿದ ಹಾಗೆಯೇ ಇಳಿಯುವಂಥದ್ದು. ಅದು ಇಳಿಯುವ ತನಕ ಕೂತು ನಿಧಾನಕ್ಕೆ ಉಸಿರು ಬಿಡುತ್ತ ಹೋಗುವುದಕ್ಕೆ ಖರ್ಚೇನೂ ಇಲ್ಲ.

ಉಸಿರು ಅಂದಾಗ ನೆನಪಾಯಿತು. ಹಿಂದೆ ಮನೆಯಿಂದ ಹೊರಡುವಾಗ ಹಿರಿಯರು ಮೂಗಿನ ಕೆಳಗೆ ಬೆರಳಿಟ್ಟು ಯಾವ ಸ್ವರ ನಡೆಯುತ್ತಿದೆ ನೋಡುತ್ತಿದ್ದರು. ಬಲದ ಹೊಳ್ಳೆಯಾದರೆ ಸೂರ್ಯನಾಡಿ, ಎಡದ್ದಾದರೆ ಚಂದ್ರನಾಡಿ. ಆ ಬದಿಯ ಕಾಲೇ ಮೊದಲು ಹೊಸಿಲು ದಾಟಬೇಕು. ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಪಾಳಿ ಬದಲಿಸುವುದನ್ನು ಜರ್ಮನಿಯ ರಿಚರ್ಡ್ ಕೈಸರ್ 1895ರಲ್ಲಿ ಬರೆದಿಟ್ಟ. ಮೂಗಿನೊಳಗಿನ ಮೆತ್ತನೆ ಪದರ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಇಳಿಯುತ್ತದೆ, ಅಷ್ಟೇ. ಪ್ರಯಾಣ ಕೂಡಿಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲದಿರಬಹುದು, ಗಮನಿಸಿದ್ದು ಮಾತ್ರ ಎಷ್ಟು ಸೂಕ್ಷ್ಮ! ಅಂದಹಾಗೆ, ಈಗ ನಿಮ್ಮದು ಯಾವ ಸ್ವರ? ಬೆರಳಿಟ್ಟು ನೋಡಿ ಹೇಳಿ.