ಮೆಣಸಿನಕಾಯಿ ನಿರಪರಾಧಿ

ವೈನ್ ಬಾಟಲಿಯ ಬೆನ್ನಿಗಂಟಿದ ಚೀಟಿಯಲ್ಲಿ ‘ಖಾರದ ಭಾರತೀಯ ಅಡುಗೆಗೆ ಹೇಳಿ ಮಾಡಿಸಿದ್ದು’ ಎಂಬ ಸಾಲು ಕಂಡರೆ ನನಗೆ ಮೈಯೆಲ್ಲ ಉರಿ. ಸಾವಿರಾರು ಮೈಲಿ ದೂರದ ಫ್ರೆಂಚರು ಹಾಗೆ ಬರೆದರೆ ಹೋಗಲಿ ಬಿಡಿ ಎನ್ನಬಹುದು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯ ವೈನಿಗೂ ಇದೇ ಒಕ್ಕಣೆಯೇ? ಯಾವ ಅಡುಗೆ ಸ್ವಾಮಿ ಅದು? ಕುಂದಾಪುರದ ಮೀನಿನ ಗಸಿಯೋ, ಧಾರವಾಡದ ಎಣ್ಣೆಗಾಯಿಯೋ, ಮೈಸೂರಿನ ಅನಾನಸ್ ಗೊಜ್ಜೋ? ಈ ಅಸಡ್ಡೆಯನ್ನಾದರೂ ಸಹಿಸಿಕೊಳ್ಳಬಹುದು, ಅದರ ಹಿಂದೆ ಅಡಗಿರುವ ತೀರ್ಪನ್ನು ಸಹಿಸಲಾಗದು. ನಮ್ಮ ಊಟಕ್ಕೂ ವೈನಿಗೂ ಎಣ್ಣೆ ಸೀಗೇಕಾಯಿ ಸಂಬಂಧ, ಅದಕ್ಕೆ ಹೊಣೆ ಮೆಣಸಿನಕಾಯಿ ಎಂದು ವೈನ್ ಪಂಡಿತರು ಎಂದೋ ಷರಾ ಬರೆದು ಮುಗಿಸಿದ್ದಾರೆ. ನನ್ನ ವಾದ ಇಷ್ಟೆ: ಮೆಣಸಿನಕಾಯಿಯನ್ನು ಸುಮ್ಮನೆ ಕಟಕಟೆಗೆ ಹತ್ತಿಸಿದ್ದಾರೆ. ಜಗಳ ಹಚ್ಚುವುದು ಬೆಲ್ಲ. ಕುದಿಯುವ ಹುಳಿಗೆ ಕೊನೆಯಲ್ಲಿ ಸದ್ದಿಲ್ಲದೆ ಬೀಳುವ ಆ ಒಂದು ಚೂರು.

ಮೆಣಸಿನಕಾಯಿ ಬಾಯಲ್ಲಿ ಏನು ಮಾಡುತ್ತದೆ ಎಂಬುದು ಈಗ ಗುಟ್ಟೇನಲ್ಲ. ಅದರ ಕ್ಯಾಪ್ಸೈಸಿನ್ ರುಚಿಮೊಗ್ಗುಗಳ ಗೊಡವೆಗೇ ಹೋಗುವುದಿಲ್ಲ. ಸುಡುವ ಬಿಸಿಯನ್ನು ಪತ್ತೆಹಚ್ಚುವ ನರಗಳ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆಣಕುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಕೂಡ ಬಂತು. ಮದ್ಯಸಾರವೂ ಇದೇ ಗ್ರಾಹಕವನ್ನು ಕೆಣಕುತ್ತದೆ ಎಂಬ ಅರ್ಧವನ್ನು ಮಾತ್ರ ಪಂಡಿತರು ಎತ್ತುವುದಿಲ್ಲ. ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಚ್ಚರಗೊಳ್ಳುವ ಗ್ರಾಹಕ ಮದ್ಯಸಾರ ಸೋಕಿದರೆ 34ರ ಸುತ್ತಲೇ ಕಣ್ಣು ಬಿಡುತ್ತದೆ, ಅಂದರೆ ನಮ್ಮ ಮೈಬಿಸಿಯೇ ಸುಡತೊಡಗುತ್ತದೆ. ಖಾರದ ಪಲ್ಯದ ಮೇಲೆ ಶೇಕಡಾ 14ರಷ್ಟು ಮದ್ಯಸಾರವಿರುವ ಶಿರಾಜ್ ವೈನ್ ಕುಡಿದವರು ಮೆಣಸಿನಕಾಯಿಯನ್ನೊಂದೇ ಬೈದರೆ ಹೇಗೆ? ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ಶೇಕಡಾ 8-9ರ ರೀಸ್ಲಿಂಗ್ ವೈನ್ ಸಿಗುತ್ತದೆ. ತಣ್ಣಗೆ ಕುಡಿದರೆ ಉರಿ ಅಷ್ಟಾಗಿ ಏರದು. ಅಲ್ಲದೆ ನಮ್ಮ ಸಾರಿನ ಕೆಂಪು ಬಹುಮಟ್ಟಿಗೆ ಬ್ಯಾಡಗಿಯದು, ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇಷ್ಟಾಗಿಯೂ ಖಾರ ಮಾಡುವ ಹಾನಿ ಉರಿಯದೇ ಹೊರತು ರುಚಿಯದಲ್ಲ. ಉರಿ ಇಳಿದ ಮೇಲೆ ವೈನ್ ಹೆಚ್ಚುಕಡಿಮೆ ತನ್ನ ಹುಳಿ, ತನ್ನ ಒಗರಿನೊಂದಿಗೆ ಹಾಗೇ ಕೂತಿರುತ್ತದೆ.

ಬೆಲ್ಲ ಹಾಗಲ್ಲ, ಅದು ರುಚಿಯ ಬುಡಕ್ಕೇ ಕೈ ಹಾಕುತ್ತದೆ. ಸಿಹಿ ತಿಂದ ನಾಲಗೆ ಆ ಸಿಹಿಗೆ ಒಗ್ಗಿಕೊಂಡುಬಿಡುತ್ತದೆ. ಅನಂತರ ಬರುವ ಸಣ್ಣ ಸಿಹಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಡ್ರೈ ವೈನಿನಲ್ಲಿ ಸಾಮಾನ್ಯವಾಗಿ ಇರುವುದೇ ಲೀಟರಿಗೆ ಕೆಲವು ಗ್ರಾಂ ಸಕ್ಕರೆ; ಉಳಿದ ಸಿಹಿಯೆಲ್ಲ ಹಣ್ಣಿನ ಪರಿಮಳ ಹುಟ್ಟಿಸುವ ಭ್ರಮೆ. ಒಂದು ತುತ್ತು ಹೋಳಿಗೆಯ ಮೇಲೆ ಅದನ್ನು ಗುಟುಕರಿಸಿ ನೋಡಿ: ಹಣ್ಣು ಮಾಯ, ಭ್ರಮೆ ಮಾಯ, ಉಳಿಯುವುದು ಚುರುಕು ಹುಳಿ ಮತ್ತು ನಾಲಗೆ ಜಗ್ಗುವ ಒಗರು. ಹುಣಸೆ ಇದಕ್ಕೆ ತದ್ವಿರುದ್ಧ. ಹುಣಸೆಯ ಮುಖ್ಯ ಆಮ್ಲ ಟಾರ್ಟಾರಿಕ್, ದ್ರಾಕ್ಷಿಯದೂ ಅದೇ. ಹುಳಿಗೆ ಒಗ್ಗಿದ ನಾಲಗೆಗೆ ವೈನಿನ ಹುಳಿ ಮೆತ್ತಗೆ ಕಾಣುತ್ತದೆ, ಹಣ್ಣು ಮುಂದೆ ಬರುತ್ತದೆ. ಉಪ್ಪು ಕಹಿಯನ್ನು ತಗ್ಗಿಸಿ ನೆರವಾಗುತ್ತದೆ. ಹಾಗಾಗಿ ಬೆಲ್ಲ ಬೀಳದ ಹುಣಸೆ ಸಾರು, ನಿಂಬೆ ಹಿಂಡಿದ ಕೋಸಂಬರಿ, ಚಿತ್ರಾನ್ನ ಇವೆಲ್ಲ ಸೋವಿನ್ಯೋಂ ಬ್ಲಾಂ ಎಂಬ ಚುರುಕಾದ ಬಿಳಿ ವೈನಿಗೆ ಒಳ್ಳೆಯ ನೆಂಟರು. ವೈನಿಗೆ ಸಾರಿನಷ್ಟಾದರೂ ಹುಳಿಯಿರಬೇಕು, ಇಲ್ಲದಿದ್ದರೆ ಸಪ್ಪೆ ಎನಿಸುತ್ತದೆ, ಅಷ್ಟೆ. ಉಡುಪಿ ಸಾರಿಗೂ ಮೈಸೂರಿನ ಗೊಜ್ಜಿಗೂ ಬೆಲ್ಲ ಬೀಳುತ್ತಲೇ ಈ ನೆಂಟಸ್ತನ ಹಳಸುತ್ತದೆ. ಯುರೋಪಿನವರು ಸಿಹಿಯನ್ನು ಊಟದ ತುದಿಗೆ ತಳ್ಳಿ ವೈನುಗಳನ್ನು ಅದಕ್ಕೆ ಮುಂಚೆ ಸಾಲಾಗಿ ನಿಲ್ಲಿಸಿದರು. ನಮ್ಮಲ್ಲಿ ಎಲೆಯ ತುದಿಗೆ ಮೊದಲೇ ಪಾಯಸ ಬೀಳುತ್ತದೆ, ನಡುವೆ ಹೋಳಿಗೆ ಬರುತ್ತದೆ. ಆ ಸಾಲು ಬಾಳೆ ಎಲೆಯ ಮೇಲೆ ನಿಲ್ಲುವುದಾದರೂ ಹೇಗೆ?

ಹಾಗಾದರೆ ಕೇಕಿನ ಜೊತೆ ಶಾಂಪೇನ್ ಕುಡಿಯುವುದು ಅವರದೇ ಸಂಪ್ರದಾಯವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು, ಏಕೆಂದರೆ ಈ ಮೊಕದ್ದಮೆಯಲ್ಲಿ ನನಗೆ ಅತಿ ಪ್ರಿಯವಾದ ಸಾಕ್ಷಿ ಇಲ್ಲೇ ಇದೆ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ್ದ ಹಡಗೊಂದರಿಂದ 19ನೇ ಶತಮಾನದ ಶಾಂಪೇನ್ ಬಾಟಲಿಗಳು ಮೇಲೆ ಬಂದವು. ಪರೀಕ್ಷಿಸಿದಾಗ ಲೀಟರಿಗೆ ಸುಮಾರು 150 ಗ್ರಾಂ ಸಕ್ಕರೆ! ಇಂದಿನ ಬ್ರೂಟ್ ಶಾಂಪೇನಿನಲ್ಲಿ 12 ಗ್ರಾಂ ಮೀರುವಂತಿಲ್ಲ. ಆ ಕಾಲದವರು ಕೇಕಿನ ಜೊತೆ ಕುಡಿಯುತ್ತಿದ್ದುದು ಕೇಕಿಗೆ ಸರಿಸಮನಾದ ಸಿಹಿಯನ್ನು. ಅವರ ನಾಲಗೆ ನೆಟ್ಟಗಿತ್ತು. ಆಮೇಲೆ ಇಂಗ್ಲಿಷರಿಗೆ ಸಿಹಿಯಿಲ್ಲದ ಶಾಂಪೇನಿನ ಹುಚ್ಚು ಹಿಡಿಯಿತು, ಶಾಂಪೇನ್ ತಯಾರಕಿ ಮದಾಮ್ ಪೊಮೆರಿ 1874ರ ಬ್ರೂಟ್ ತಂದರು, ಸಕ್ಕರೆ ಇಳಿಯುತ್ತಾ ಹೋಯಿತು. ಕೇಕು ಮಾತ್ರ ಇದ್ದಲ್ಲೇ ಇತ್ತು. ಬೆಂಗಳೂರಿನ ಕಲ್ಯಾಣಮಂಟಪಗಳಲ್ಲೂ ಈಗ ಮೂರಂತಸ್ತಿನ ಕೇಕು ಕತ್ತರಿಸಿ, ಬುರುಗುವ ಬ್ರೂಟ್ ಎತ್ತಿ, ಮುಖ ಹುಳ್ಳಗೆ ಮಾಡಿಕೊಂಡು ನಗುತ್ತಾರೆ. ಸತ್ತುಹೋದ ವೈನಿನ ತಿಥಿ ಅದು. ಯಾರ ತಿಥಿ ಎಂಬುದು ಮಾತ್ರ ಉಣ್ಣುವವರಿಗೆ ಗೊತ್ತಿಲ್ಲ.

ಇನ್ನು ಪರಿಮಳ ಪಂಥದವರು. ಇವರ ಸಿದ್ಧಾಂತದಲ್ಲಿ ತಿನಿಸಿನಲ್ಲೂ ವೈನಿನಲ್ಲೂ ಒಂದೇ ಪರಿಮಳದ ಅಣುವಿದ್ದರೆ ಜಾತಕ ಕೂಡಿತು. ಮೆಂತ್ಯದ ಘಮಕ್ಕೆ ಕಾರಣ ಸೊಟೊಲೊನ್ ಎಂಬ ವಸ್ತು. ಫ್ರಾನ್ಸಿನ ಜ್ಯೂರಾ ಪ್ರಾಂತದಲ್ಲಿ ಆರು ವರ್ಷಕ್ಕೂ ಮಿಕ್ಕಿ ಪೀಪಾಯಿಯಲ್ಲಿ ಮಾಗುವ ವ್ಯಾಂ ಜೋನ್ ಎಂಬ ಹಳದಿ ವೈನಿಗೂ ಆ ಘಮ ಬರುವುದು ಅದರಿಂದಲೇ. ಸಂಗತಿ ನಿಜ, ಸೊಗಸಾದದ್ದೂ ಹೌದು. ಆದರೆ ಅದರ ಬೆನ್ನಿಗೇ ಮೆಂತ್ಯ ಬಿದ್ದ ಅಡುಗೆಗೆಲ್ಲ ವ್ಯಾಂ ಜೋನ್ ಬರೆದುಕೊಡುವುದು ಯಾವ ನ್ಯಾಯ? ಮೆಂತ್ಯಕ್ಕೆ ಘಮ ಮಾತ್ರವಲ್ಲ, ಕಹಿಯೂ ಇದೆ. ಮೆಂತ್ಯದ ಗೊಜ್ಜಿಗೆ ಬೆಲ್ಲವೂ ಇದೆ. ಬರೀ ಮೂಗು ಒಪ್ಪಿದರೆ ಸಾಲದು, ನಾಲಗೆಯ ಸಮ್ಮತಿಯೂ ಬೇಕು. ಇವರ ಲೆಕ್ಕದ ಇನ್ನೊಂದು ಚಂದ ನೋಡಿ: ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಗೆ ಕಾರಣವಾದ ಪೈರಜಿನ್ ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿಯಲ್ಲೂ ಇದೆ. ಅದು ಹೆಚ್ಚಾದರೆ ಹಣ್ಣು ಮಾಗಿಲ್ಲವೆಂದು ಮೂಗು ಮುರಿಯುತ್ತಾರೆ. ಅದನ್ನು ಇಳಿಸಲೆಂದೇ ಬೆಳೆಗಾರರು ಗೊಂಚಲಿನ ಸುತ್ತಣ ಎಲೆ ಕಿತ್ತು ಬಿಸಿಲು ಬಿಡುತ್ತಾರೆ. ಲೋಟದಲ್ಲಿ ದೋಷವಾದದ್ದು ತಟ್ಟೆಗೆ ಬಂದೊಡನೆ ಅನುರೂಪ ದಾಂಪತ್ಯವಾಗುವುದು ಹೇಗೆಂದು ಈವರೆಗೆ ಯಾರೂ ಬಿಡಿಸಿ ಹೇಳಿಲ್ಲ. ಹೇಳುವುದೂ ಇಲ್ಲ, ಪಟ್ಟಿ ಮಾಡುವುದು ಸುಲಭ, ಒಂದು ಬಟ್ಟಲು ಗೊಜ್ಜು ಉಂಡು ನೋಡುವುದು ಇವರ ಘನತೆಗೆ ಕುಂದು.

ಲೋಕೋ ಭಿನ್ನರುಚಿಃ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಇಷ್ಟಾನಿಷ್ಟ ಅವರವರದು, ಒಪ್ಪಿದೆ. ಆದರೆ ರುಚಿ ಯಾವ ಕಡೆಗೆ ವಾಲುತ್ತದೆ ಎಂಬುದು ಬಹುಪಾಲು ನಾಲಗೆಗಳಿಗೆ ಒಂದೇ. ಆರ್ಟಿಚೋಕ್ ಎಂಬ ತರಕಾರಿ ತಿಂದ ಮೇಲೆ ಬರೀ ನೀರೂ ಸಿಹಿಯಾಗುತ್ತದೆ ಎಂದು ರುಚಿಯ ವಿಜ್ಞಾನಿ ಲಿಂಡಾ ಬಾರ್ಟೋಶುಕ್ ಮತ್ತು ಸಂಗಡಿಗರು 1972ರಲ್ಲೇ ತೋರಿಸಿದರು. ಎಲ್ಲರಿಗೂ ಆಗದಿದ್ದರೂ ಹಲವರಿಗೆ ಹಾಗಾಗುತ್ತದೆ. ಅದಕ್ಕೇ ಅದು ವೈನಿನ ವೈರಿಗಳ ಪಟ್ಟಿಯ ತುದಿಯಲ್ಲಿದೆ. ವಿಚಿತ್ರವೆಂದರೆ ವೈನನ್ನು ಸಿಹಿ ಮಾಡುವ ತರಕಾರಿಗೆ ಆ ಕುಖ್ಯಾತಿ ಬಂತು, ಹುಳಿ ಮಾಡುವ ಬೆಲ್ಲ ಪಟ್ಟಿಯಲ್ಲೇ ಇಲ್ಲ. ಇನ್ನು, ಊಟಕ್ಕೆ ಮಜ್ಜಿಗೆ ಇರುವಾಗ ವೈನ್ ಯಾಕೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಲು ಮಜ್ಜಿಗೆಗಳ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ನನ್ನು ಹಿಡಿದು ಖಾರ ಇಳಿಸುತ್ತದೆ. ವೈನ್ ಮಾಡುವವರೂ ಒಗರು ತೆಗೆಯಲು ಇದೇ ಕೇಸಿನ್ ಬಳಸುವುದುಂಟು. ಅಂದಮೇಲೆ ಮೊಸರನ್ನ ಬಂದಾಗ ದುಬಾರಿ ಕೆಂಪು ವೈನನ್ನು ಬದಿಗಿಡುವುದೇ ಸರಿ.

ಉಡುಪಿಯ ಅಡುಗೆಭಟ್ಟರಿಗೆ ಬೆಲ್ಲ ಬಿಡಿ ಎನ್ನುವ ಧೈರ್ಯ ಯಾರಿಗೂ ಇರಲಾರದು, ಇರಲೂಬಾರದು. ಬದಲಾಗಬೇಕಾದದ್ದು ವೈನ್. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಪಂಡಿತರ ಮಾನ್ಯತೆ ಇಲ್ಲ. ಅದರ ವಾಸನೆ ಒರಟು, ಅದು ಅಗ್ಗದ ಸಿಹಿ ಪೋರ್ಟಿಗೆ ಹೋಗುವ ಹಣ್ಣು ಎಂದು ದೂರ ಇಟ್ಟಿದ್ದಾರೆ. ಆದರೆ ಹುಳಿಯೂ ಸಿಹಿಯೂ ಒಟ್ಟಿಗೇ ಇರುವ ಹಣ್ಣು ಅದು. ಮದ್ಯಸಾರ ಶೇಕಡಾ 9ಕ್ಕೆ ನಿಲ್ಲಿಸಿ, ಲೀಟರಿಗೆ ನಲವತ್ತು ಗ್ರಾಂ ಸಕ್ಕರೆ ಉಳಿಸಿ, ಸಿಪ್ಪೆಯ ಒಗರು ಇಳಿಯುವ ಮುಂಚೆ ರಸ ಬಸಿದು, ಚೆನ್ನಾಗಿ ತಣಿಸಿ ಕೊಟ್ಟರೆ ಅನಾನಸ್ ಗೊಜ್ಜಿನ ಎದುರು ಅದು ನಿಲ್ಲುತ್ತದೆ ಎಂಬುದು ನನ್ನ ಪಂಥ. ಒಬ್ಬ ವೈನ್ ತಯಾರಕನಾದರೂ ಒಂದು ಪೀಪಾಯಿ ಮಾಡಿ ನೋಡಲಿ.